ತಿರುಗಿದ ಕಡೆ ತಿರುಗುವ ಚೆಂಡು

ಹೋದ ವಾರ ಹಳೇ ಅಂಕಪಟ್ಟಿ ಹುಡುಕಲು ಅಟ್ಟದ ಮೇಲಿನ ಟ್ರಂಕು ಇಳಿಸಿದೆ. ಮುಚ್ಚಳ ತೆಗೆದ ಕೂಡಲೇ ರಬ್ಬರಿನ ವಾಸನೆ ಬಂತು. ಬಟ್ಟೆಗಳ ನಡುವೆ ಕಿತ್ತಳೆ ಬಣ್ಣದ ಒಂದು ಚೆಂಡು... ನಮ್ಮ ಪಿ.ಟಿ. ಮೇಷ್ಟ್ರು ಕೊಟ್ಟದ್ದು.

ಆಗ ನಾನು ಒಂಬತ್ತನೇ ತರಗತಿ. ದೊಡ್ಡಬಳ್ಳಾಪುರದಿಂದ ಘಾಟಿ ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ ನಮ್ಮ ಶಾಲೆ. ರೋಬೋಟ್ ಸ್ಪರ್ಧೆಗೆ ಹೆಸರು ಕೊಟ್ಟ ಮೇಲೆ ವಿಜ್ಞಾನದ ಮೇಡಂ ಹೆರಿಗೆ ರಜೆಗೆ ಹೋದರು. ಇಂಗ್ಲಿಷಿನಲ್ಲಿದ್ದ ನಿಯಮದ ಪುಸ್ತಕದ ಮೇಲೆ ‘ಗೇಮ್’ ಎಂದಿದ್ದದ್ದನ್ನು ನೋಡಿ ಹೆಡ್ ಮಾಸ್ಟರು, “ಆಟ ಅಂದ್ಮೇಲೆ ನಿಮ್ದೇ ಅಲ್ವೇನ್ರೀ,” ಎಂದು ಅದನ್ನು ಪಿ.ಟಿ. ಮೇಷ್ಟ್ರ ಕೈಗಿಟ್ಟುಬಿಟ್ಟರು. ಕಬಡ್ಡಿ, ಖೋಖೋ ಬಿಟ್ಟು ಬೇರೇನೂ ಕಲಿಸಿದವರಲ್ಲ ಅವರು. ಆದರೂ ಡಿಕ್ಷನರಿ ಇಟ್ಟುಕೊಂಡು ಕೂತು ಪ್ರತಿ ಸಾಲಿನ ಕೆಳಗೂ ಪೆನ್ಸಿಲಿನಲ್ಲಿ ಕನ್ನಡ ಬರೆದರು.

ನೆಲದ ಮೇಲೆ ಹರಡಿದ ಚೆಂಡುಗಳನ್ನು ರೋಬೋಟ್ ಒಂದು ಗೂಡಿಗೆ ಸೇರಿಸಬೇಕಿತ್ತು. ಒಂದು ಸಲಕ್ಕೆ ಒಂದೇ ಚೆಂಡು ಅದರ ವಶದಲ್ಲಿರಬಹುದು ಎಂಬುದು ನಿಯಮ. ವಶವೆಂದರೆ ಎತ್ತಿ ಹಿಡಿಯುವುದು ಎಂದುಕೊಂಡ ನಮ್ಮ ತಂಡದ ಚಂದ್ರು, ಮೂರು ವಾರ ಕೂತು ರೋಬೋಟಿಗೆ ಎರಡು ಅಗಲವಾದ ತೋಳು ಕೂರಿಸಿದ್ದ. ಅವುಗಳ ನಡುವೆ ನಾಲ್ಕು ಚೆಂಡು ಒಟ್ಟಿಗೇ ಉರುಳಿಕೊಂಡು ಬರುತ್ತಿದ್ದವು. ಸ್ಪರ್ಧೆಗೆ ಎರಡು ದಿನವಿದ್ದಾಗ ಮೇಷ್ಟ್ರು ಅದನ್ನು ನೋಡಿ ಆಗುವುದಿಲ್ಲವೆಂದರು.

“ಎತ್ತಿಲ್ವಲ್ಲಾ ಸಾರ್, ಬರೀ ತಳ್ತೈತೆ,” ಅಂದ ಚಂದ್ರು.

“ಲೇ, ನಿಮ್ಮಪ್ಪ ಕುರೀನ ಹೊತ್ಕೊಂಡ್ ಬರ್ತಾನೇನ್ಲಾ? ಅಟ್ಕೊಂಡ್ ತಾನೇ ಬರೋದು. ಹಂಗಂತ ಕುರಿ ಅವನ ಕೈಲಿಲ್ಲ ಅಂತೀಯಾ?” ಅಂದರು ಮೇಷ್ಟ್ರು. “ನೀನು ತಿರುಗಿದ ಕಡೆ ಅದೂ ತಿರುಗಿದ್ರೆ ವಶ. ತಗುಲಿ ಅಲ್ಲೇ ಉಳುದ್ರೆ ಬರೀ ತಗುಲಿದ್ದು. ಅಷ್ಟೇ ಕಣೋ.”

ಚಂದ್ರು ಮೂತಿ ಊದಿಸಿಕೊಂಡೇ ಸ್ಕ್ರೂ ಬಿಚ್ಚಿದ. ತೋಳುಗಳನ್ನು ಒಂದೇ ಚೆಂಡು ಹಿಡಿಸುವಷ್ಟು ಕಿರಿದು ಮಾಡಿದ.

ದೇವನಹಳ್ಳಿಯ ಕಾಲೇಜೊಂದರಲ್ಲಿ ಸ್ಪರ್ಧೆ. ಚೆಂಡುಗಳನ್ನು ಒಟ್ಟೊಟ್ಟಿಗೆ ಬಾಚಿಕೊಂಡ ತಂಡಗಳಿಗೆಲ್ಲ ಅಂಕ ಕಡಿತವಾಗಿ, ನಾವು ಹೇಗೋ ಕೊನೆಯ ಪಂದ್ಯದವರೆಗೆ ಬಂದೆವು. ಅದನ್ನು ಗೆದ್ದರೆ ರಾಜ್ಯಮಟ್ಟ. ರೋಬೋಟ್ ನಡೆಸುತ್ತಿದ್ದವಳು ನಾನು. ಆಟ ಮುಗಿಯುವ ಹೊತ್ತಿಗೆ, ತೋಳಿನಲ್ಲಿ ಒಂದು ಚೆಂಡಿರುವಾಗಲೇ, ಇನ್ನೊಂದು ನಮ್ಮ ಚಕ್ರಕ್ಕೆ ತಗುಲಿತು. ತಪ್ಪೆಂದು ತೀರ್ಪುಗಾರರು ಬಾವುಟ ಎತ್ತಿದರು. ಅಂಕ ಹೋದರೆ ಸೋಲು. ಶಿಕ್ಷಕರು ಮಾತಾಡುವಂತಿರಲಿಲ್ಲ, ನಡೆಸಿದವರೇ ಕೇಳಬೇಕು. ನಾನೋ ಹಾಜರಿಗೂ ತಲೆ ತಗ್ಗಿಸಿಕೊಂಡು ಉತ್ತರ ಕೊಡುತ್ತಿದ್ದವಳು.

ಹಗ್ಗದಾಚೆ ನಿಂತಿದ್ದ ಮೇಷ್ಟ್ರ ಕಡೆ ನೋಡಿದೆ. ಅವರು ದೊಡ್ಡ ಹೊಟ್ಟೆ, ಕೊರಳಿನ ಸೀಟಿ ಸಮೇತ ನಿಂತಲ್ಲೇ ಗಿರಕಿ ಹೊಡೆದರು...

“ಸರ್, ನಾವು ತಿರುಗ್ದಾಗ ಆ ಚೆಂಡು ತಿರುಗ್ಲಿಲ್ಲ. ಅಲ್ಲೇ ಉಳೀತು,” ಅಂದೆ.

ತೀರ್ಪುಗಾರರು ಪಕ್ಕದವರೊಡನೆ ಏನೋ ಮಾತಾಡಿ ಬಾವುಟ ಇಳಿಸಿದರು. ಮೇಷ್ಟ್ರು ಊದಿದ ಸೀಟಿ ಹೊರಗಿನ ರಸ್ತೆಗೂ ಕೇಳಿರಬೇಕು. ಅದಕ್ಕೆ ನಮಗೊಂದು ಎಚ್ಚರಿಕೆಯೂ ಸಿಕ್ಕಿತು. ಕಾಲೇಜಿನ ಗೇಟಿನ ಬಳಿ ಚಂದ್ರು ಹೊಟ್ಟೆ ಮುಂದೆ ಮಾಡಿ ಅವರಂತೆ ಗಿರಕಿ ಹೊಡೆದು ತೋರಿಸಿದಾಗ, “ಲೇ, ನನ್ನ ಹೊಟ್ಟೆ ಅಷ್ಟೈತೇನ್ಲಾ?” ಎಂದು ನಕ್ಕರು. ಆಮೇಲೆ ಸಂಘಟಕರನ್ನು ಕೇಳಿ ತಂದಿದ್ದ ಈ ಚೆಂಡನ್ನು ನನ್ನ ಕೈಗಿಟ್ಟು, “ಮಾತಾಡ್ಬಿಟ್ಟೆ ಕಣವ್ವಾ, ಇಟ್ಕೋ,” ಅಂದರು. ರಾಜ್ಯಮಟ್ಟದಲ್ಲಿ ಮೊದಲ ಸುತ್ತಿಗೇ ಸೋತೆವು. ಅದು ಅಷ್ಟಾಗಿ ನೆನಪಿಲ್ಲ.

ಮೇಷ್ಟ್ರು ತೀರಿಕೊಂಡು ಎರಡು ತಿಂಗಳಾಯಿತು. ನಾನೀಗ ವಿಮಾನ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂತು ದಿನವಿಡೀ ಮಾತಾಡುತ್ತೇನೆ. ಅವರಿಗೆ ಇದನ್ನು ಒಮ್ಮೆ ಹೇಳಬೇಕೆಂದಿದ್ದೆ, ಕೇಳಿದ್ದರೆ ನಗುತ್ತಿದ್ದರು... ಅವರನ್ನು ನೋಡಲು ಹೋಗಲಾಗಲಿಲ್ಲ.

ಚೆಂಡನ್ನು ನೆಲಕ್ಕಿಟ್ಟು ಕಾಲಿನಿಂದ ಮೆಲ್ಲಗೆ ತಳ್ಳಿದೆ. ಗೋಡೆಯವರೆಗೆ ಉರುಳಿ ನಿಂತಿತು. ನಾನು ತಿರುಗಿದೆ. ಅದು ಅಲ್ಲೇ ಉಳಿಯಿತು. ಹಿಂದಕ್ಕೆ ಹೋಗಿ, ಬಗ್ಗಿ ಎತ್ತಿಕೊಂಡೆ.