ಸಲೋಮಮ್ಮನ ಹುಳುಗಳ ಭಾನುವಾರ

ಸಲೋಮಮ್ಮನ ರೇಷ್ಮೆಹುಳುಗಳು ಭಾನುವಾರ ಉಪವಾಸ ಮಾಡುತ್ತವೆ ಎಂದು ಮುಳಬಾಗಿಲಿನ ಚರ್ಚಿನಲ್ಲಿ ಎಲ್ಲರೂ ನಂಬಿದ್ದರು. ಅಲ್ಲಿಗೆ ಬರುತ್ತಿದ್ದವರು ಮೇಷ್ಟ್ರುಗಳು, ನರ್ಸಮ್ಮಂದಿರು, ಒಬ್ಬ ಪೋಸ್ಟ್ ಮಾಸ್ತರರು. ಅವರಲ್ಲಿ ಒಬ್ಬರಾದರೂ ಒಂದು ಬೆಳೆ ಹುಳು ಸಾಕಿದ್ದರೆ ಅಷ್ಟು ಸಲೀಸಾಗಿ ಸ್ತೋತ್ರ ಅನ್ನುತ್ತಿರಲಿಲ್ಲ. ನಾಲ್ಕನೇ ಜ್ವರ ಬಿಟ್ಟು, ಅಂದರೆ ನಾಲ್ಕನೇ ಸಲ ಪೊರೆ ಕಳಚಿ ಎದ್ದ ಹುಳು ಕರ್ತನ ಮಾತನ್ನೂ ಕೇಳುವುದಿಲ್ಲ, ಸೊಪ್ಪು ಕೇಳುತ್ತದೆ.

ಈ ಉಪವಾಸದ ಒಳಗುಟ್ಟು ಗೊತ್ತಿದ್ದವಳು ಪಕ್ಕದ ಮನೆಯ ಬೈರಮ್ಮ. ವಾರವಾರವೂ ಅದನ್ನು ಕೆಡಿಸುತ್ತಿದ್ದವಳು ಅವಳೇ.

ದೇವರಾಯಸಮುದ್ರದ ಕೆರೆಯ ಕೆಳಗೆ ಇಬ್ಬರ ಹಿಪ್ಪುನೇರಳೆ ತೋಟಗಳೂ ಒಂದೇ ಬದುವಿನ ಆಚೆ ಈಚೆ. ಸಲೋಮಮ್ಮನ ಗಂಡ ತೀರಿಕೊಂಡು, ಮಗ ಸತ್ಯಶೀಲ ಶ್ರೀನಿವಾಸಪುರದಲ್ಲಿ ಮೇಷ್ಟ್ರಾಗಿ ಹೋದಮೇಲೆ, ಸಾವಿರದ ಒಂಬೈನೂರ ಎಪ್ಪತ್ನಾಲ್ಕರಲ್ಲಿ ಅವಳು ಹುಳು ಸಾಕಣೆ ಹಿಡಿದಳು. ಹುಳುವಿನ ಮನೆಯಲ್ಲಿ ಹನ್ನೆರಡು ಬಿದಿರು ತಟ್ಟೆಗಳು. ಒಂದೊಂದಕ್ಕೂ ಯೇಸುವಿನ ಶಿಷ್ಯರ ಹೆಸರಿಟ್ಟಿದ್ದಳು. ಹನ್ನೆರಡನೆಯವನು ಗುರುವನ್ನೇ ಹಿಡಿದುಕೊಟ್ಟವನು, ಆ ತಟ್ಟೆಗೆ ಮಾತ್ರ ಹೆಸರಿಡದೆ ಬಿಟ್ಟಿದ್ದಳು. “ಪೇತ್ರನಿಗೆ ಸೊಪ್ಪು ಸಾಲ್ದು, ಯೋಹಾನ ಇನ್ನೂ ಮಲಗವ್ನೆ” ಎಂದು ಅವಳು ಗೊಣಗುವುದು ಗೋಡೆಯಾಚೆ ಬೈರಮ್ಮನಿಗೆ ಕೇಳಿಸುತ್ತಿತ್ತು. ಬೆಳಗ್ಗೆ ಐದಕ್ಕೇ ಕೀರ್ತನೆ ಶುರು. ಕಂಠ ಒಳ್ಳೆಯದೇನಲ್ಲ, ಆದರೆ ಜೋರಾಗಿತ್ತು. ಬೈರಮ್ಮನ ಗಂಡ ಅಪ್ಪಾಜಪ್ಪ ಅವಳ ಕೀರ್ತನೆಗೇ ಎದ್ದು, ಅವಳನ್ನೇ ಬೈಯುತ್ತ ಹಾಲು ಕರೆಯುತ್ತಿದ್ದ.

ಎಲ್ಲಕ್ಕೂ ಅವಳ ಹತ್ತಿರ ವೇದವಾಕ್ಯ ಸಿದ್ಧವಾಗಿರುತ್ತಿತ್ತು. ಮರಳುಗಾಡಿನಲ್ಲಿ ದೇವರು ಜನರಿಗೆ ಆರನೇ ದಿನ ಎರಡು ಪಾಲು ಮನ್ನಾ ಎಂಬ ಆಹಾರ ಕೊಟ್ಟನಂತೆ, ಏಳನೇ ದಿನ ಯಾರೂ ಕೆಲಸ ಮಾಡಬಾರದಂತೆ. ಹಾಗಾಗಿ ಶನಿವಾರ ಸಂಜೆಯೇ ಎರಡು ಪಾಲು ಸೊಪ್ಪು ಸುರಿದು, ಭಾನುವಾರ ಬೆಳಗ್ಗೆ ಬಿಳಿ ಸೀರೆ, ಕೊಡೆ, ಬೈಬಲ್ಲು ಸಮೇತ ಬಸ್ಸು ಹತ್ತಿಬಿಡುವಳು. ಮನ್ನಾ ಬಾಡುತ್ತಿತ್ತೋ ಇಲ್ಲವೋ, ಹಿಪ್ಪುನೇರಳೆ ಸೊಪ್ಪಂತೂ ಬಾಡುತ್ತಿತ್ತು. ಮೊದಲನೇ ಬೆಳೆಯಲ್ಲೇ ಬೈರಮ್ಮ ಕಿಟಕಿಯಿಂದ ಇಣುಕಿ ನೋಡಿದಳು. ಒಣಗಿದ ಸೊಪ್ಪಿನ ಮೇಲೆ ಹನ್ನೆರಡು ತಟ್ಟೆ ಹುಳುವೂ ತಲೆಯೆತ್ತಿ ಅತ್ತಿತ್ತ ಹುಡುಕುತ್ತಿದ್ದವು. “ಅಯ್ಯೋ ದ್ಯಾವುಡಾ, ಈ ಯಮ್ಮ ಸ್ವರ್ಗಕ್ಕೆ ಹೋಗಾಕೆ ಈ ಹುಳ ಯಾಕೆ ಸಾಯ್ಬೇಕು” ಎಂದು ಬೈದುಕೊಂಡು, ತನ್ನ ತೋಟದ ಒಂದು ಬುಟ್ಟಿ ಸೊಪ್ಪು ಕುಯ್ದು ತಂದಳು. ಬೀಗದ ಕೈ ಬಾಗಿಲ ಮೇಲಿನ ಮೊಳೆಯಲ್ಲೇ ತೂಗುತ್ತಿತ್ತು.

ಸಂಜೆ ಬಂದ ಸಲೋಮಮ್ಮ ಬಾಗಿಲು ತೆಗೆದು “ಸ್ತೋತ್ರ!” ಎಂದು ಕೂಗಿದ್ದು ಬೀದಿಗೆಲ್ಲ ಕೇಳಿಸಿತು. ಮುಂದಿನ ವಾರ ಚರ್ಚಿನಲ್ಲಿ ಸಾಕ್ಷಿ ಹೇಳಿದಳು: “ಭಾನುವಾರ ನಾನು ಒಂದು ಎಲೆ ಮುಟ್ಟಲ್ಲ, ನನ್ನ ಹುಳಗಳನ್ನ ಕರ್ತನೇ ನೋಡ್ಕೊಳ್ತಾನೆ.” ಉಪವಾಸದ ಕಥೆಯನ್ನು ಉಳಿದವರು ಸೇರಿಸಿದರು, ಅವಳು ತಿದ್ದಲಿಲ್ಲ.

ಆಮೇಲೆ ಇದು ಪದ್ಧತಿಯೇ ಆಗಿಹೋಯಿತು. ಭಾನುವಾರ ಬೈರಮ್ಮ ಸೊಪ್ಪು ಹಾಕುವುದು, ಸಲೋಮಮ್ಮ ದೇವರನ್ನು ಹೊಗಳುವುದು. ಸೋಮವಾರ ಸಲೋಮಮ್ಮ ಒಂದು ಬುಟ್ಟಿ ಸೊಪ್ಪು ತಂದು “ಹೆಚ್ಚಾಯ್ತು ಕಣೇ ಬೈರಿ, ನಿನ್ನ ಹುಳಕ್ಕೆ ಹಾಕು” ಎಂದು ಜಗಲಿಯ ಮೇಲಿಟ್ಟು ಹೋಗುವಳು. ವಾರವಾರವೂ ಸೊಪ್ಪು ಹೇಗೆ ಹೆಚ್ಚಾಗುತ್ತದೆ ಎಂದು ಬೈರಮ್ಮ ಯೋಚಿಸಲಿಲ್ಲ. ಅವಳ ತಲೆಯಲ್ಲಿ ಬೇರೆಯದೇ ಕೊರೆಯುತ್ತಿತ್ತು. ಬೆನ್ನು ಬಗ್ಗಿಸಿದವಳು ತಾನು, ಹೆಸರು ಕರ್ತನದು. ಒಂದೇ ಒಂದು ಸಲ, ನಾಲ್ಕು ಜನರೆದುರು, ಬೈರಿ ಇಲ್ಲದಿದ್ದರೆ ನನ್ನ ಹುಳ ಉಳೀತಿರಲಿಲ್ಲ ಎಂದು ಆ ಬಾಯಿಂದ ಬರಲಿ ಎಂದು ಅವಳಿಗೆ ಆಸೆ. ಹೇಳಿಬಿಡೋಣ ಎಂದು ಎಷ್ಟೋ ಸಲ ಹೋಗಿದ್ದಳು. ಸ್ತೋತ್ರ ಅನ್ನುವ ಆ ಮುಖ ನೋಡಿ ಬೇರೇನೋ ಮಾತಾಡಿ ಬರುತ್ತಿದ್ದಳು.

ಎಪ್ಪತ್ತೊಂಬತ್ತರಲ್ಲಿ ಬೈರಮ್ಮನ ಅತ್ತೆ ದೊಡ್ಡಮುನಿಯಮ್ಮ ಒಂದು ಶುಕ್ರವಾರ ತೀರಿಕೊಂಡಳು. ಬದುಕಿದ್ದಾಗಲೂ ಸೊಸೆಗೆ ಅನುಕೂಲ ಮಾಡಿಕೊಟ್ಟವಳಲ್ಲ. ಸಲೋಮಮ್ಮನ ಹುಳು ನಾಲ್ಕನೇ ಜ್ವರ ಬಿಟ್ಟ ವಾರವನ್ನೇ ನೋಡಿ ಹೋದಳು. ಸೂತಕದವರು ಹುಳುವಿನ ಮನೆಗೆ ಕಾಲಿಡಬಾರದು, ಇಟ್ಟರೆ ಬೆಳೆಯೆಲ್ಲ ಹಾಳು. ಇದು ಬೈರಮ್ಮನ ಮನೆಯಲ್ಲಿ ಅಜ್ಜಿಯ ಕಾಲದಿಂದ ಬಂದ ಕಟ್ಟು. ಭಾನುವಾರ ಬೆಳಗ್ಗೆ ಸಲೋಮಮ್ಮ ಬಿಳಿ ಸೀರೆಯುಟ್ಟು ಸಾವಿನ ಮನೆಯ ಮುಂದೆ ನಿಂತು, “ಚರ್ಚಲ್ಲಿ ನಿಂಗೋಸ್ಕರ ಪ್ರಾರ್ಥನೆ ಮಾಡ್ತೀನಿ ಕಣೇ” ಎಂದು ಬಸ್ಸಿನ ಕಡೆ ನಡೆದಳು. ಬೈರಮ್ಮನಿಗೆ ಮೈಯೆಲ್ಲ ಉರಿಯಿತು. ತನಗೋಸ್ಕರ ಪ್ರಾರ್ಥನೆಯಂತೆ, ಹುಳುಗಳಿಗೆ ಯಾರು ದಿಕ್ಕು?

ಹತ್ತು ಗಂಟೆಯವರೆಗೆ ತಡೆದುಕೊಂಡಳು. ಆಮೇಲೆ ಹೊಟ್ಟೆ ಸರಿಯಿಲ್ಲವೆಂದು ನೆಂಟರಿಗೆ ಹೇಳಿ, ಕೈಯಲ್ಲಿ ಚೊಂಬು, ಸೆರಗಿನೊಳಗೆ ಕುಡುಗೋಲು ಹಿಡಿದು ಹೊರಬಿದ್ದಳು. ಸೂತಕದ ಕಟ್ಟು ಮುರಿದ ಪಾಪ ತನಗಿರಲಿ ಎಂದುಕೊಂಡೇ ತೋಟ ಹೊಕ್ಕಳು. ಬದುವಿನ ಮೇಲೆ ಬಿಚ್ಚಿದ ಕೊಡೆ, ಅದರ ನೆರಳಲ್ಲಿ ಬೈಬಲ್ಲು. ಗಿಡಗಳ ನಡುವೆ ಬಿಳಿ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು ಸಲೋಮಮ್ಮ ಸರಸರನೆ ಸೊಪ್ಪು ಕುಯ್ಯುತ್ತಿದ್ದಳು. ಊರಿನವರಿಗೆ ಕಾಣುವಂತೆ ಬಸ್ಸಿನ ಕಡೆ ಹೋಗಿ, ಕೆರೆ ಏರಿಯ ಹಿಂದಿನಿಂದ ಸುತ್ತಿ ಬಂದಿದ್ದಳು. ಒಂದು ಬುಟ್ಟಿ ಆಗಲೇ ತುಂಬಿತ್ತು.

ಸಿಕ್ಕಿಬಿದ್ದವಳೇ ಮೊದಲು ಬಾಯಿ ಮಾಡಿದಳು. “ಸೂತಕ ಇಟ್ಕೊಂಡು ಹುಳದ ಮನೆಗೆ ಬರ್ತಿದ್ಯಾ? ನಾಚ್ಕೆ ಆಗಲ್ವಾ ನಿಂಗೆ?”

“ಇವತ್ತು ಯಾವ ವಾರ ಸಲೋಮಕ್ಕ?” ಎಂದಳು ಬೈರಮ್ಮ.

ಸಲೋಮಮ್ಮ ಕುಡುಗೋಲು ಕೆಳಗಿಟ್ಟಳು. “ನೀನು ಬರಾಕಾಗಲ್ಲ ಅಂತ ಗೊತ್ತಿತ್ತು. ಅದಕ್ಕೆ.”

“ಅಂದ್ರೆ ನಾನು ಬರ್ತಿದ್ದಿದ್ದು ನಿಂಗೆ ಗೊತ್ತಿತ್ತಾ?”

“ಮೊದಲನೇ ವಾರದಿಂದ. ನಮ್ಮದು ಸರ್ಕಾರದೋರು ಕೊಟ್ಟ ತಳಿ, ನಿಮ್ಮದು ನಾಟಿ ಸೊಪ್ಪು. ತಟ್ಟೇಲಿ ಉಳಿದಿದ್ದು ನೋಡಿದ್ರೆ ಗೊತ್ತಾಗಲ್ವಾ? ಸೋಮವಾರ ನಿಂಗೆ ಬುಟ್ಟಿ ಯಾಕೆ ತಂದಿಡ್ತಿದ್ದೆ ಅನ್ಕೊಂಡೆ?”

“ಗೊತ್ತಿದ್ದೂ ಕರ್ತ ನೋಡ್ಕೊಳ್ತಾನೆ ಅಂತ ಸಾಕ್ಷಿ ಹೇಳ್ತೀಯಾ!”

“ಸುಳ್ಳೇನೇ ಅದು? ಎಲೀಯ ಅಂತ ಒಬ್ಬ ಪ್ರವಾದಿ. ಹಸಿದು ಕೂತಿದ್ದಾಗ ದೇವರು ಕಾಗೆ ಕೈಲಿ ರೊಟ್ಟಿ ಕಳಿಸ್ದ. ನನ್ನ ಹುಳಕ್ಕೆ ನಿನ್ನ ಕಳಿಸ್ದ.”

“ಹಂಗಾದ್ರೆ ನಾನು ಕಾಗೆನಾ?”

“ನಿಮ್ಮಲ್ಲಿ ಕಾಗೆ ಪಿಂಡ ತಿನ್ನಾಕೆ ಬರುತ್ತೆ, ನಮ್ಮಲ್ಲಿ ಊಟ ತಗೊಂಡು ಬರುತ್ತೆ. ಯಾವುದು ಮೇಲು, ನೀನೇ ಹೇಳು.”

ಬೈರಮ್ಮನಿಗೆ ನಗು ತಡೆಯಲಾಗಲಿಲ್ಲ. ಮನೆಯಲ್ಲಿ ಸಾವಾಗಿ ಎರಡು ದಿನ, ಇವಳು ಬದುವಿನ ಮೇಲೆ ಕುಳಿತು ನಗುತ್ತಿದ್ದಾಳೆ. ಆಮೇಲೆ ಇಬ್ಬರೂ ವಕೀಲರ ಹಾಗೆ ಕುಳಿತು ಇತ್ಯರ್ಥ ಮಾಡಿದರು. ಸೂತಕಕ್ಕೆ ಹುಳುವಿನ ಮನೆ ನಿಷೇಧ, ತೋಟವಲ್ಲ. ಹಾಗಾಗಿ ಕುಯ್ಯುವುದು ಬೈರಮ್ಮ. ಭಾನುವಾರಕ್ಕೆ ಕುಯ್ಲು ನಿಷೇಧ, ಹಸಿದ ಪ್ರಾಣಿಗೆ ಮೇವು ಹಾಕುವುದಲ್ಲ. ಹಾಗಾಗಿ ತಟ್ಟೆಗೆ ಹಾಕುವುದು ಸಲೋಮಮ್ಮ. ಎರಡು ಕಡೆಯ ದೇವರುಗಳಿಗೂ ಮಾತಾಡಲು ಏನೂ ಉಳಿಯಲಿಲ್ಲ. ಆಗಲೇ ಕುಯ್ದಿದ್ದ ಒಂದು ಬುಟ್ಟಿಯದೇ ತಕರಾರು. ಸಲೋಮಮ್ಮ ಅದನ್ನು ಸೆರಗಿನಿಂದ ಮುಚ್ಚಿದಳು. “ಇದನ್ನ ಯಾರಿಗೂ ಹೇಳ್ಬೇಡ ಕಣೇ” ಎಂದಳು. ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ಬೈರಮ್ಮ ಕೇಳಿದ್ದು ಅದೊಂದೇ ಸಲ.

ಎಂಬತ್ಮೂರರಲ್ಲಿ ಒಂದು ಮಂಗಳವಾರ ಸಲೋಮಮ್ಮ ಕೀರ್ತನೆ ಹಾಡದೆ ಬೆಳಗಾಯಿತು. ಅಪ್ಪಾಜಪ್ಪ ಹೊತ್ತೇರಿದ ಮೇಲೆ ಎದ್ದು, ವಿಷಯ ತಿಳಿದು, ಹಾಲು ಕರೆಯದೆ ಕೂತುಬಿಟ್ಟ. ಮಣ್ಣಾದ ಮೇಲೆ ಬಂದ ಭಾನುವಾರ ಮನೆ ಮುಂದೆ ಶಾಮಿಯಾನ ಹಾಕಿ ಸ್ಮರಣೆಯ ಕೂಟ ಇಟ್ಟರು. ಹುಳುಗಳಿಗೆ ಮಂಗಳವಾರದಿಂದ ಸೊಪ್ಪು ಹಾಕುತ್ತಿದ್ದವಳು ಬೈರಮ್ಮ. ಯಾರು ಹಾಕುತ್ತಿದ್ದಾರೆಂದು ಯಾರೂ ಕೇಳಿರಲಿಲ್ಲ.

ಹುಳು ಕಂಡರೆ ಮುಖ ಸಿಂಡರಿಸುತ್ತಿದ್ದ ಸತ್ಯಶೀಲ ಅಂದು ಕಣ್ಣೊರೆಸಿಕೊಂಡು ಮಾತಾಡಿದ. “ಅಮ್ಮನ ವಿಶ್ವಾಸದ ನೆನಪಿಗೆ ಇವತ್ತು ಹುಳುವಿನ ಮನೆಗೆ ನಾವೇ ಬೀಗ ಹಾಕಿದ್ದೇವೆ. ಬೆಳಗಿನಿಂದ ಯಾರೂ ಒಂದು ಎಲೆ ಹಾಕಿಲ್ಲ. ಅಮ್ಮನ ಕರ್ತನು ನೋಡಿಕೊಳ್ಳುತ್ತಾನೆ.” ಶಾಮಿಯಾನದಲ್ಲಿ ಸ್ತೋತ್ರ, ಸ್ತೋತ್ರ. ಬೀಗ ಹಾಕಿ ಭಕ್ತಿ ತೋರಿಸುವ ಈ ಮಗನ ಕೆನ್ನೆಗೆ ಎರಡು ಬಿಡಬೇಕೆನ್ನಿಸಿತು ಬೈರಮ್ಮನಿಗೆ.

ಚರ್ಚಿನ ಪಾದ್ರಿ ಅಯ್ಯನವರು ಎದ್ದರು. “ಈ ತಾಯಿ ಒಂಬತ್ತು ವರ್ಷದಲ್ಲಿ ಒಂದೇ ಒಂದು ಭಾನುವಾರವೂ ಸೊಪ್ಪು ಕುಯ್ಯಲಿಲ್ಲ. ಪಕ್ಕದ ಮನೆಯವರು ಇಲ್ಲೇ ಇದ್ದಾರೆ, ನಮ್ಮ ಧರ್ಮದವರೂ ಅಲ್ಲ. ಅಮ್ಮಾ, ನೀವು ಕಂಡಿದ್ದು ಹೇಳಿ.”

ಬೈರಮ್ಮ ಎದ್ದು ನಿಂತಳು. ಒಂಬತ್ತು ವರ್ಷದಿಂದ ಬಯಸಿದ್ದ ನಾಲ್ಕು ಜನ ಎದುರಿಗಿದ್ದರು, ನಾಲ್ಕಲ್ಲ, ನೂರು. ಹೇಳಿದರೆ ಹೆಸರೆಲ್ಲ ಅವಳದೇ. ಗೋಡೆಯ ಮೇಲೆ ಹಾರ ಹಾಕಿದ ಫೋಟೋದಲ್ಲಿ ಸಲೋಮಮ್ಮ ಬೈಬಲ್ಲು ಹಿಡಿದು ನೋಡುತ್ತಿದ್ದಳು.

“ಕುಯ್ಲಿಲ್ಲ” ಎಂದಳು ಬೈರಮ್ಮ. “ಒಂದು ಭಾನುವಾರಾನೂ ಕುಯ್ಲಿಲ್ಲ. ನಾನು ಕಣ್ಣಾರೆ ಕಂಡಿದ್ದೀನಿ.”

ಎಲ್ಲರೂ ಸ್ತೋತ್ರ ಅಂದು ಬಿರಿಯಾನಿಗೆ ಎದ್ದರು. ಬೈರಮ್ಮ ಎಲೆಯ ಮುಂದೆ ಕೂರಲಿಲ್ಲ. ತೋಟಕ್ಕೆ ಹೋಗಿ ಬುಟ್ಟಿ ತುಂಬಿಕೊಂಡು ಹುಳುವಿನ ಮನೆಯ ಹಿಂದಿನಿಂದ ಬಂದಳು. ಸತ್ಯಶೀಲ ಬೀಗ ಹಾಕಿದ್ದನೇ ಹೊರತು, ಬೀಗದ ಕೈ ಅದೇ ಮೊಳೆಯಲ್ಲಿ ತೂಗುತ್ತಿತ್ತು. ಒಳಗೆ ಪೇತ್ರ, ಯೋಹಾನ, ಆ ಹೆಸರಿಲ್ಲದವನೂ ಸೇರಿ ಹನ್ನೆರಡು ತಟ್ಟೆ ತಲೆಯೆತ್ತಿ ಹುಡುಕುತ್ತಿದ್ದವು. ಬೈರಮ್ಮನಿಗೆ ಮಂಗಳವಾರದಿಂದ ಬರದಿದ್ದ ಅಳು ಆಗ ಬಂತು. ಅಳುತ್ತಲೇ ಸೊಪ್ಪು ಹರವಿದಳು.

“ಕಾಗೆ ಬಂದೈತೆ ಕಣಕ್ಕ” ಎಂದಳು.