ಎಲ್ಲಾಂ ಕೆಟ್ಟು

ಕೊಚ್ಚಿಯ ಹಳೆಯ ಕಚೇರಿ ಕಟ್ಟಡಗಳಲ್ಲಿ ಕರೆಂಟು ಎಲ್ಲೆಲ್ಲಿ ಪೋಲಾಗುತ್ತಿದೆ ಎಂದು ಪತ್ತೆಹಚ್ಚುವ ಕೆಲಸದಲ್ಲಿ ನನಗೆ ಹಿರಿಯರಾಗಿದ್ದವರು ಮೈಸೂರಿನ ಕಡೆಯವರು. ಯಾವ ಸ್ವಿಚ್ ಮುಟ್ಟುವ ಮೊದಲೂ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದರು. ಆಮೇಲೆ ಯಾರಿಗೆಂದಿಲ್ಲದೆ, “ಏನೂ ಕೆಡಬಾರದಪ್ಪ” ಎನ್ನುತ್ತಿದ್ದರು. ಕೇಳಿ ಕೇಳಿ ನನಗೂ ಅದೇ ಭಯ ಹತ್ತಿತ್ತು.

ವಿಲ್ಲಿಂಗ್ಡನ್ ಐಲ್ಯಾಂಡಿನ ಒಂದು ಕಟ್ಟಡದಲ್ಲಿ ಆ ಭಯಕ್ಕೆ ಕಾರಣವೂ ಇತ್ತು. ಒಂದು ಫ್ಯೂಸ್ ಹೋದರೂ ನಮ್ಮ ಈ ಕರೆಂಟ್ ಆಡಿಟ್ ನಿಲ್ಲಿಸಿ, ಕಟ್ಟಡವನ್ನೇ ಕೆಡವಿ ಗಾಜಿನದು ಕಟ್ಟಿಸುತ್ತೇವೆ ಎಂದು ಅಲ್ಲಿನ ಮ್ಯಾನೇಜರ್ ಎಚ್ಚರಿಸಿದ್ದರು. ಭಾನುವಾರ, ಸಿಬ್ಬಂದಿ ಇಲ್ಲದಾಗ, ನಮ್ಮ ಹಿರಿಯರು ಮೇನ್ ಬೋರ್ಡಿನ ಮುಂದೆ ನಿಂತು ಒಂದೊಂದೇ ಮಹಡಿಯ ಸ್ವಿಚ್ ಇಳಿಸಿದರು. ಕೊನೆಯದು ಇಳಿಯುತ್ತಲೇ ಮೇಲಿನಿಂದ ವಾಚ್‌ಮನ್ ಕೂಗಿದ:

“ಎಲ್ಲಾಂ ಕೆಟ್ಟು ಸಾರೇ!”

ಇವರ ಮುಖ ಬಿಳಿಚಿಕೊಂಡಿತು. “ಅಯ್ಯೋ, ಏನ್ ಕೆಟ್ಟೋಯ್ತೋ!” ಎಂದು ಮೆಟ್ಟಿಲತ್ತ ಓಡಿದವರ ತೋಳನ್ನು ಹಿಡಿದೆ. ನಾನು ಕಾಸರಗೋಡಿನವನು.

“ಮಲಯಾಳದಲ್ಲಿ ಕೆಟ್ಟು ಅಂದ್ರೆ ದೀಪ ಆರಿತು ಅಂತ ಸರ್, ಹಾಳಾಯ್ತು ಅಂತಲ್ಲ,” ಎಂದು ನಕ್ಕೆ.

ಅವರು ನಗಲಿಲ್ಲ. ಅವರ ಕಣ್ಣು ಬೋರ್ಡಿನ ಪಕ್ಕದ ಮೀಟರಿನ ಮೇಲೆ ನೆಟ್ಟಿತ್ತು. ಎಲ್ಲವನ್ನೂ ಆರಿಸಿದ ಮೇಲೆ ನಿಲ್ಲಬೇಕಿದ್ದ ಅದರ ಚಕ್ರ ಇನ್ನೂ ನಿಧಾನವಾಗಿ ತಿರುಗುತ್ತಲೇ ಇತ್ತು. ಗೋಡೆಯೊಳಗೆ ಎಲ್ಲೋ, ಯಾವ ಸ್ವಿಚ್ಚಿನ ಹಿಡಿತಕ್ಕೂ ಸಿಗದ ಒಂದು ತಂತಿಯಿಂದ ಕರೆಂಟು ಸೋರುತ್ತಿತ್ತು.

ಅಂಗೈ ಒರೆಸಿಕೊಳ್ಳುತ್ತಾ ಮೆಲ್ಲಗೆ ಹೇಳಿದರು: “ನಮ್ ಭಾಷೇಲೂ ಕೆಟ್ಟಿದೆ ಕಣಯ್ಯ.”