ಖಾಲಿ ತೊಟ್ಟಿಲು ತೂಗದ ಹಾಗೆ

ಮಾನ್ಯ ಓದುಗರಲ್ಲಿ ವಿನಂತಿ.

ಮೊದಲನೆಯದಾಗಿ, ನನ್ನ ಕಾಗುಣಿತದ ತಪ್ಪುಗಳಿಗೂ ಸೊಟ್ಟ ಅಕ್ಷರಗಳಿಗೂ ತಮ್ಮೆಲ್ಲರ ಕ್ಷಮೆ ಕೋರುತ್ತೇನೆ. ಇದರ ಬಹುಪಾಲನ್ನು ನಾನು ಮಲಗಿಕೊಂಡೇ ಬರೆದಿದ್ದೇನೆ. ಹೊಟ್ಟೆಯ ಮೇಲೆ ದಿಂಬು, ದಿಂಬಿನ ಮೇಲೆ ರಟ್ಟು, ರಟ್ಟಿನ ಮೇಲೆ ಕಾಗದ. ಪೆನ್ನಿನ ಮೂತಿ ಮೇಲಾದರೆ ಶಾಯಿ ಇಳಿಯುವುದಿಲ್ಲವಾದ್ದರಿಂದ ಕೆಲವು ಅಕ್ಷರಗಳು ಅರ್ಧಕ್ಕೇ ನಿಂತಿವೆ. ಶಕಾರ ಷಕಾರಗಳ ವಿಷಯದಲ್ಲಿ ನನಗೆ ಶಾಲೆಯ ದಿನಗಳಿಂದಲೂ ಧೈರ್ಯವಿಲ್ಲ. ನಮ್ಮ ಮಹಿಳಾ ಸಂಘದ ಕಾರ್ಯದರ್ಶಿಯಾಗಿ ಅರ್ಜಿ, ನಡವಳಿಗಳನ್ನು ಬರೆದಿದ್ದನ್ನು ಬಿಟ್ಟರೆ ಬರವಣಿಗೆ ಎಂಬುದನ್ನು ನಾನು ಮಾಡಿದವಳಲ್ಲ. ಆದಕಾರಣ ಇದು ಅಲ್ಲಲ್ಲಿ ಅರ್ಜಿಯ ಧಾಟಿಗೆ ತಿರುಗಿದ್ದಲ್ಲಿ ತಾವು ಮನ್ನಿಸಬೇಕು. ಇದರಲ್ಲಿ ನಾನು ಏನನ್ನೂ ಬೇಡುತ್ತಿಲ್ಲ. ನನಗೆ ದೊರೆತದ್ದಕ್ಕೆ ಸ್ವೀಕೃತಿ ಬರೆದುಕೊಡುತ್ತಿದ್ದೇನೆ, ಅಷ್ಟೆ.

ನಾವು ಶಿಕಾರಿಪುರ ತಾಲ್ಲೂಕಿನಲ್ಲಿ, ಶಿರಾಳಕೊಪ್ಪಕ್ಕೆ ಹತ್ತಿರದ ಹಳ್ಳಿಯಲ್ಲಿ, ಭತ್ತ ಮತ್ತು ಮೆಕ್ಕೆಜೋಳ ಬೆಳೆದುಕೊಂಡಿರುವ ಕುಟುಂಬದವರು. ಮನೆಯಲ್ಲಿ ನಾನು, ನನ್ನ ಯಜಮಾನರು, ಅತ್ತೆ, ಹೀಗೆ ಮೂವರು. ನಡುಮನೆಯ ತೊಲೆಗೆ ತೊಟ್ಟಿಲು ನೇತುಹಾಕುವ ಎರಡು ಕಬ್ಬಿಣದ ಕೊಂಡಿಗಳಿದ್ದವು. ನನ್ನ ಯಜಮಾನರು ಕೂಸಾಗಿದ್ದಾಗ ಅವುಗಳಿಗೆ ಕೆಲಸವಿತ್ತು. ನಾನು ಈ ಮನೆಗೆ ಬಂದ ಮೇಲೆ ಅವುಗಳಿಗೆ ಕೆಲಸ ಬೀಳಲಿಲ್ಲ. ಈ ಸಂಗತಿಯ ಬಗ್ಗೆ ಅತ್ತೆಯವರು ನನಗೆ ಒಂದು ದಿನವೂ ಒಂದು ಮಾತನ್ನೂ ಆಡಿದವರಲ್ಲ ಎಂಬುದನ್ನು ಇಲ್ಲಿಯೇ ದಾಖಲಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನು ಅಟ್ಟದ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡೆನು. ಶಿವಮೊಗ್ಗದಲ್ಲಿ ಶಸ್ತ್ರಚಿಕಿತ್ಸೆಯಾಗಿ ತಿಂಗಳುಗಟ್ಟಲೆ ಅಂಗಾತ ಮಲಗಬೇಕಾಯಿತು. ಆಗ ನಮ್ಮ ಹಿತ್ತಲ ಬಾಡಿಗೆ ಕೋಣೆಯಲ್ಲಿ ನೇಪಾಳದ ಗಂಡಹೆಂಡತಿ ಇದ್ದರು. ಗಂಡ ಶಿರಾಳಕೊಪ್ಪದ ಹೋಟೆಲೊಂದರಲ್ಲಿ ಅಡುಗೆಗಿದ್ದ. ಹೆಂಡತಿ ಇನ್ನೂ ಚಿಕ್ಕ ವಯಸ್ಸಿನವಳು, ತಾಯಿ ಇಲ್ಲದವಳು. ಯಾರೂ ಕರೆಯದೆ ತಾನಾಗಿಯೇ ಬಂದು, ದಿನಾ ನನ್ನನ್ನು ಮಗ್ಗುಲು ತಿರುಗಿಸಿ, ಬೆನ್ನಿಗೆ ಎಣ್ಣೆ ತಿಕ್ಕಿ, ತಲೆ ಬಾಚಿ ಹೋಗುತ್ತಿದ್ದಳು. ಕನ್ನಡ ಕಲಿತದ್ದೇ ನನ್ನ ಬೆನ್ನಿನ ಮೇಲೆ ಎಂದು ನಗುತ್ತಿದ್ದಳು. "ಅಕ್ಕಾ, ಇಲ್ಲಿ ನೋವು? ಅಲ್ಲಿ ನೋವು? ಸುಳ್ಳು ಹೇಳ್ಬ್ಯಾಡ" ಎಂಬುದು ಆಕೆಯ ಮೊದಲ ಪೂರ್ಣ ವಾಕ್ಯ.

ಆಕೆ ಬಸುರಿಯಾಗಿ ತನ್ನ ಊರಿಗೆ ಹೊರಟ ದಿನ ನಾನು ಕೈಹಿಡಿದು, "ನಿನಗೆ ನಾನೇ ತವರು. ಚೊಚ್ಚಲ ಕೂಸಿಗೆ ತೊಟ್ಟಿಲು ತವರಿನದ್ದು. ನಾನು ತರ್ತೀನಿ" ಎಂದೆನು. ಎದ್ದು ನಿಲ್ಲಲೂ ಆಗದವಳು ಆಡಿದ ಮಾತು ಅದು. ಆಕೆ ಮಾತ್ರ ಅದನ್ನು ನಂಬಿಬಿಟ್ಟಳು. ಹೆಣ್ಣು ಕೂಸು ಹುಟ್ಟಿದ ಮೇಲೆ ಫೋನಿನಲ್ಲಿ, "ಅಕ್ಕಾ, ಈಗ ಬಿದಿರು ಬುಟ್ಟೀಲಿ ಮಲಗಿಸ್ತೀನಿ. ತೊಟ್ಟಿಲು ಬರ್ತದಲ್ಲ?" ಎಂದಳು. ಕೂಸು ತೊಟ್ಟಿಲನ್ನು ಮೀರಿ ಬೆಳೆಯುವುದರೊಳಗೆ ಹೋಗಬೇಕಿತ್ತು.

ಅಷ್ಟು ಹೊತ್ತಿಗೆ ನನಗೆ ನಡೆದಾಡಲು ಬರುತ್ತಿತ್ತಾದರೂ ಸ್ವಲ್ಪ ಹೊತ್ತಿಗಿಂತ ಹೆಚ್ಚು ಕುಳಿತರೆ ನನ್ನ ಸೊಂಟದಿಂದ ಹಿಮ್ಮಡಿಯವರೆಗೆ ಬೆಂಕಿ ಇಳಿಯುತ್ತಿತ್ತು. ರೈಲಿನಲ್ಲಿ ಮಲಗಿ ಗಡಿಯ ಹತ್ತಿರದವರೆಗೆ ಹೋಗಬಹುದು. ಅಲ್ಲಿಂದಾಚೆ ಬೆಟ್ಟದ ದಾರಿಯಲ್ಲಿ ಜೀಪಿನಲ್ಲಿ ಕುಳಿತೇ ಹೋಗಬೇಕು. ಡಾಕ್ಟರನ್ನು ಕೇಳಿದಾಗ, "ಮಲಗಿಕೊಂಡು ಹೋಗುವ ಹಾಗಿದ್ದರೆ ಎಲ್ಲಿಗಾದರೂ ಹೋಗಿ" ಎಂದು ನಕ್ಕರು. ನನ್ನ ಯಜಮಾನರು ನಗಲಿಲ್ಲ. ಹುಬ್ಬಳ್ಳಿಯ ಕಡೆಯವರೊಬ್ಬರು ಹಲವು ವರ್ಷ ಊರೂರು ಸುತ್ತಿ ಮೂಲೆಯಲ್ಲಿ ನಿಲ್ಲಿಸಿದ್ದ ಒಂದು ಹಳೆಯ ಕ್ಯಾಂಪರ್ ವ್ಯಾನನ್ನು, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಗಾಡಿಯನ್ನು, ಕೊಂಡು ಮನೆಯ ಮುಂದೆ ತಂದು ನಿಲ್ಲಿಸಿಯೇಬಿಟ್ಟರು.

ಸದರಿ ವಾಹನದ ಸ್ಥಿತಿಯನ್ನು ತಮ್ಮ ಗಮನಕ್ಕೆ ತರುವುದು ಅವಶ್ಯ. ಬಣ್ಣ ಅಲ್ಲಲ್ಲಿ ಹಪ್ಪಳದಂತೆ ಎದ್ದಿತ್ತು. ಒಳಗೆ ಪಾತ್ರೆ ತೊಳೆಯುವ ಸಿಂಕಿತ್ತು, ನಲ್ಲಿಯಲ್ಲಿ ನೀರಿರಲಿಲ್ಲ. ಮಡಚುವ ಹಾಸಿಗೆಯ ಸ್ಪಂಜಿನೊಳಗೆ ಇಲಿಗಳು ಸಂಸಾರ ಹೂಡಿದ್ದವು. ನಮ್ಮ ಕೇರಿಯಲ್ಲಿ ಇಂಥ ಗಾಡಿಯನ್ನು ಯಾರೂ ಕಂಡವರಲ್ಲ.

"ಏನ್ರೀ, ಇಡ್ಲಿ ಗಾಡಿ ಹಾಕ್ತೀರೇನ್ರೀ? ಚಟ್ನಿ ಗಟ್ಟಿ ಇರ್ಲಿ ಮತ್ತೆ!" ಎಂದು ಎದುರು ಮನೆಯವರು ಕೂಗಿದರು.

ಹಿಂದಿನ ಬೀದಿಯ ಅಜ್ಜಿಯೊಬ್ಬರು ನೇರವಾಗಿ ಬಂದು ವ್ಯಾನಿನ ಮೆಟ್ಟಿಲ ಮೇಲೆ ಕುಳಿತು ತೋಳು ಚಾಚಿದರು. "ಬೀಪಿ ನೋಡ್ರೀ."

"ಇದು ಆಸ್ಪತ್ರೆ ಗಾಡಿ ಅಲ್ಲಬೇ ಅಜ್ಜಿ," ಎಂದರು ನಮ್ಮ ಯಜಮಾನರು.

"ಮತ್ತೆ ಒಳಗ ಮಂಚ ಯಾಕೈತೆ?" ಎಂದು ಅಜ್ಜಿ ಎದ್ದೇಳಲಿಲ್ಲ. ಕಡೆಗೆ ಚಹಾ ಕೊಟ್ಟು ಕಳುಹಿಸಬೇಕಾಯಿತು.

ಶಿರಾಳಕೊಪ್ಪದ ಗ್ಯಾರೇಜಿನಲ್ಲಿ ಬ್ರೇಕು, ಬೆಲ್ಟು, ಟೈರುಗಳನ್ನೆಲ್ಲ ಹೊಸದಾಗಿ ಹಾಕಿಸಿದ್ದಾಯಿತು. ಹಳೆಯ ಮಾದರಿಯ ಬಿಡಿಭಾಗಗಳು ದಾರಿಯಲ್ಲಿ ಸಿಗಲಾರವೆಂದು ಗ್ಯಾರೇಜಿನವರೇ ಹುಡುಕಿ ಒಂದು ಡಬ್ಬಿ ತುಂಬಿಸಿಕೊಟ್ಟರು. ಅವರಿಗೆ ನಾನು ಆಭಾರಿ. ಒಳಗಿನ ಕೆಲಸಕ್ಕೆ ವಾಹನವನ್ನು ಸೊರಬಕ್ಕೆ ಒಯ್ದೆವು. ಅಲ್ಲಿ ನನ್ನ ತಮ್ಮನಿಗೆ ಮರಗೆಲಸದ ಅಂಗಡಿ ಇದೆ.

ತಮ್ಮ ಒಳಗೆ ಇಣುಕಿ ಮೂಗು ಮುಚ್ಚಿಕೊಂಡ. "ಎಂತಾ ಭಾವ ಇದು, ಗಾಡಿಯೋ ಕೋಳಿಗೂಡೋ?"

"ನಿಮ್ಮಕ್ಕನ್ನ ಮಲಗಿಸ್ಕೊಂಡು ನೇಪಾಳಕ್ಕೆ ಹೋಗೋ ಗಾಡಿ. ಈಗ ಬಾಯಿ ಮುಚ್ಚಿ ಅಳತೆ ತಗೋ."

ತಮ್ಮ ಹಲಗೆಯ ಮೇಲೆ ನನ್ನನ್ನು ಮಲಗಿಸಿ ಸುತ್ತಲೂ ಸೀಮೆಸುಣ್ಣದಲ್ಲಿ ಗೆರೆ ಎಳೆದ. "ಅಕ್ಕ, ಉಸಿರು ಬಿಗಿಹಿಡಿದು ಸಣ್ಣ ಆಗ್ಬೇಡ ಮಾರಾಯ್ತಿ, ಆಮೇಲೆ ಮಂಚದಲ್ಲಿ ಹಿಡಿಯೂದಿಲ್ಲ" ಎಂದ. ಇಲಿಯ ಸ್ಪಂಜು ಹೋಗಿ ಗಟ್ಟಿಯಾದ ತೆಂಗಿನ ನಾರಿನ ಹಾಸಿಗೆ ಬಂತು. ಉರುಳದಂತೆ ಬದಿಗೆ ಕಟಕಟೆ ಬಂತು. ಮಂಚದ ಕೆಳಗೆ ನೀರಿನ ಟ್ಯಾಂಕು, ಅಕ್ಕಿ, ಅವಲಕ್ಕಿ, ಮೆಣಸಿನಪುಡಿಗೆ ಗೂಡುಗಳು, ಸಿಂಕಿನ ಪಕ್ಕ ಸಣ್ಣ ಗ್ಯಾಸ್ ಒಲೆ. ಅದೇ ಅಂಗಡಿಯಲ್ಲಿ ಹಲಸಿನ ಮರದ ತೊಟ್ಟಿಲೂ ತಯಾರಾಗುತ್ತಿತ್ತು. ತಿರುಗಣೆಯಲ್ಲಿ ಕಡೆದ ಕಡ್ಡಿಗಳು, ಮೂಲೆಗೊಂದು ಮೊಗ್ಗು. ಕೂಲಿಯ ಮಾತು ತೆಗೆದಾಗ ತಮ್ಮ, "ಅವಳಿಗೆ ನೀನು ತವರಾದ್ರೆ ನಾನು ಸೋದರಮಾವ ಅಲ್ವೇನೆ?" ಎಂದು ಬೈದ.

ತೊಟ್ಟಿಲಿನ್ನೂ ಮುಗಿದಿರಲಿಲ್ಲ. ಅಷ್ಟರೊಳಗೆ ವ್ಯಾನನ್ನೊಮ್ಮೆ ಪರೀಕ್ಷಿಸೋಣವೆಂದು ನಾನು, ಯಜಮಾನರು, ಅತ್ತೆ ಬುತ್ತಿ ಕಟ್ಟಿಕೊಂಡು ಅಂಬ್ಲಿಗೊಳ ಜಲಾಶಯಕ್ಕೆ ಹೊರಟೆವು. ನನ್ನ ಯಜಮಾನರು ಟ್ರ್ಯಾಕ್ಟರಿನಲ್ಲಿ ಕೈ ಪಳಗಿಸಿದವರು. ರಸ್ತೆಯನ್ನೂ ಗದ್ದೆಯೆಂದೇ ಭಾವಿಸಿ ಓಡಿಸುತ್ತಾರೆ. ಗುಂಡಿ ಬಂದರೆ ಇಳಿಸಿ ಹತ್ತಿಸುವುದು, ಹಂಪು ಬಂದರೆ ಅದರ ಮೇಲೆ ಹಾರಿಸಿ ಆಮೇಲೆ ಬ್ರೇಕು ಹಾಕುವುದು. ನಿಧಾನ ಎಂದರೆ ಮುಂದಿನ ತಿರುವಿನವರೆಗೆ ನಿಧಾನ, ಆಮೇಲೆ ಮರೆವು. ಹೊಸ ಮಂಚದ ಕಟಕಟೆಯನ್ನು ಹಿಡಿದುಕೊಂಡು ಹಲ್ಲು ಕಚ್ಚಿ ಮಲಗಿದ್ದೆ. ಏರಿಯ ಮೇಲೆ ಗಾಡಿ ನಿಂತಾಗ ಇಳಿಯಲು ಬಾಗಿಲನ್ನು ಎರಡೂ ಕೈಗಳಿಂದ ಹಿಡಿಯಬೇಕಾಯಿತು.

"ಹೆಂಗಿತ್ತೇ?" ಎಂದು ಯಜಮಾನರು ಕೇಳಿದರು. ಅವರ ಮುಖದಲ್ಲಿ ಅಷ್ಟೊಂದು ಸಂತೋಷವಿತ್ತು.

"ಚೆನ್ನಾಗಿತ್ತು ರೀ," ಎಂದೆನು.

ನೀರು ನೋಡುತ್ತ ಚಿತ್ರಾನ್ನ ತಿಂದೆವು. ಮನಸ್ಸಿನೊಳಗೆ ನಾನು ಪ್ರಯಾಣವನ್ನು ರದ್ದುಪಡಿಸಿಯಾಗಿತ್ತು. ಶಿಕಾರಿಪುರ ತಾಲ್ಲೂಕನ್ನೇ ದಾಟಲಾಗದ ಸೊಂಟ ದೇಶ ದಾಟುವುದುಂಟೇ? ತೊಟ್ಟಿಲನ್ನು ಲಾರಿಯಲ್ಲಿ ಪಾರ್ಸೆಲ್ ಕಳಿಸುವುದೆಂದು ತೀರ್ಮಾನಿಸಿದೆ. ಬುತ್ತಿ ಕಟ್ಟಿದ ಮೇಲೆ ಅತ್ತೆಯವರು ನನಗಿಂತ ಮೊದಲು ಗಾಡಿ ಹತ್ತಿ ನನ್ನ ದಿಂಬನ್ನು ಸರಿಮಾಡಿದರು.

ಮುಂದಿನ ವಾರ ತಮ್ಮ ತೊಟ್ಟಿಲನ್ನು ತಂದ. ಪಾರ್ಸೆಲ್ ವಿಷಯ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರಿಬ್ಬರೂ ಅದನ್ನು ವ್ಯಾನಿನೊಳಗೆ ಎಲ್ಲಿಡುವುದೆಂದು ಜಗಳಕ್ಕೆ ನಿಂತಿದ್ದರು. ನೆಲದಲ್ಲಿ ಜಾಗವಿಲ್ಲ. ಇಟ್ಟರೂ ಕುಲುಕಿಗೆ ಕಡ್ಡಿಗಳು ಮುರಿಯುತ್ತವೆ. ಖಾಲಿ ಇದ್ದದ್ದು ನನ್ನ ಕಾಲುಗಳ ಮೇಲಿನ ಗಾಳಿ ಮಾತ್ರ.

"ನೇತುಹಾಕೂದೇ ಸೈ," ಎಂದ ತಮ್ಮ. "ಗಟ್ಟಿ ಕೊಂಡಿ ಬೇಕು ಭಾವ."

ಅತ್ತೆಯವರು ಎದ್ದು ಒಳಗೆ ಹೋದರು. ನಡುಮನೆಯಿಂದ ಸುತ್ತಿಗೆಯ ಸದ್ದು ಕೇಳಿಸಿತು. ನಾವು ಓಡಿಹೋಗಿ ನೋಡಿದರೆ, ಸ್ಟೂಲಿನ ಮೇಲೆ ನಿಂತು ತೊಲೆಯ ಕೊಂಡಿಗಳನ್ನು ಬಡಿದು ಬಿಡಿಸುತ್ತಿದ್ದಾರೆ.

"ಅವ್ವಾ, ಬೀಳ್ತೀ! ಹೊಸವು ತರ್ತೀನಿ, ಬಿಡು!" ಎಂದು ಯಜಮಾನರು ಸ್ಟೂಲು ಹಿಡಿದುಕೊಂಡರು.

"ಹೊಸವು ಯಾಕೋ? ಇವು ನಿನ್ನಂಥ ಗುಂಡಪ್ಪನ್ನೇ ತಡ್ಕಂಡಾವೆ" ಎಂದು ಎರಡನ್ನೂ ಸೆರಗಿನಲ್ಲಿ ಒರೆಸಿ ನನ್ನ ಕೈಗೆ ಕೊಟ್ಟರು. "ತಗಳವ್ವ. ಸುಮ್ನೆ ಜೋತು ಬಿದ್ದಿದ್ವು. ಒಂದು ಕೂಸಿಗೆ ಆಗ್ಲಿ."

ಪಾರ್ಸೆಲ್ ಎಂಬ ತೀರ್ಮಾನವನ್ನು ನಾನು ಅಲ್ಲಿಗೇ ಕೈಬಿಟ್ಟೆನು.

ಕೊಂಡಿಗಳನ್ನು ವ್ಯಾನಿನ ಚಾವಣಿಗೆ ಬಿಗಿದು ತೊಟ್ಟಿಲನ್ನು ನೇತುಹಾಕಿದ್ದಾಯಿತು. ಅದು ಅಲುಗದಂತೆ ಬಿಗಿದು ಕಟ್ಟಲು ತಮ್ಮ ಹಗ್ಗ ಕೈಗೆತ್ತಿಕೊಂಡ. ಆಗ ಅತ್ತೆಯವರು ಬಾಗಿಲಿಗೆ ಬಂದು ನಿಂತು, "ಏನೋ ಅದು? ತೊಟ್ಟಿಲಿಗೆ ಹಗ್ಗ ಬಿಗೀತಾರೇನೋ? ಅದೇನು ದನಾನಾ?" ಎಂದರು.

"ಹಂಗಾರೆ ಒಳಗೆ ಅಕ್ಕಿ ಚೀಲ ಇಡ್ತೀನಿ ಅತ್ತೆ, ಭಾರಕ್ಕೆ ನಿಲ್ತದೆ."

"ಕೂಸು ಮಲಗೋ ಜಾಗದಾಗೆ ಚೀಲ ಮಲಗಿಸ್ತೀಯಾ?"

"ಹಂಗೇ ಬಿಟ್ರೆ ತೂಗ್ತದಲ್ಲ?"

"ತೂಗಬಾರದು. ಖಾಲಿ ತೊಟ್ಟಿಲು ತೂಗೋದು ಕೂಸಿಗೆ ಒಳ್ಳೇದಲ್ಲ. ನಿಮ್ಮ ಮನೇಲಿ ಹೇಳಿಕೊಟ್ಟಿಲ್ವೇನು?"

"ಕಟ್ಟಬಾರ್ದು, ತುಂಬಬಾರ್ದು, ತೂಗಬಾರ್ದು! ಹಂಗಾರೆ ಭಾವ ಅದನ್ನ ತಲೆ ಮೇಲೆ ಹೊತ್ಕೊಂಡು ನಡೀಲಿ," ಎಂದು ತಮ್ಮ ಹಗ್ಗ ಬಿಸಾಡಿದ.

ಅತ್ತೆಯವರು ಮಗನ ಕಡೆಗೆ ತಿರುಗಿದರು. "ನಿನಗೆ ಎದುರಿಗೆ ಕನ್ನಡಿ ಐತಲ್ಲ. ಅದರಾಗೆ ತೊಟ್ಟಿಲು ನೋಡ್ಕಂಡು ಓಡಿಸು. ಅದು ತೂಗಿದ್ರೆ ನೀನು ಜೋರಾಗಿ ಹೋಗ್ತಿದ್ದೀ ಅಂತ. ಆ ಕೂಸಿಗೆ ಏನಾದ್ರೂ ಆದ್ರೆ ನಾನು ಸುಮ್ನಿರಲ್ಲ ನೋಡು."

ನನ್ನ ಯಜಮಾನರು ಯಾರ ಮಾತಿಗೂ ಹೆದರುವವರಲ್ಲ. ಇನ್ನೂ ಮುಖವನ್ನೇ ನೋಡದ ಆ ಕೂಸಿಗೆ ಮಾತ್ರ ಹೆದರಿದರು. ಶಿಕಾರಿಪುರದವರೆಗೆ ಓಡಿಸಿ ನೋಡಿದಾಗ ಮೊದಲ ಹಂಪಿನಲ್ಲೇ ತೊಟ್ಟಿಲು ಹಿಂದೆಮುಂದೆ ತೂಗಿತು. ಅವರು ಗಾಡಿ ನಿಲ್ಲಿಸಿ, ಅದು ತಾನಾಗಿಯೇ ಸುಮ್ಮನಾಗುವವರೆಗೆ ಕೈಕಟ್ಟಿ ಕುಳಿತರು. ಎರಡನೆಯ ಹಂಪನ್ನು ಹೆಜ್ಜೆಯ ವೇಗದಲ್ಲಿ ಇಳಿಸಿದರು. ಮರಳಿ ಬರುವಾಗ ಅದು ಅಲುಗಿತೋ ಇಲ್ಲವೋ ಎನ್ನುವಂತಿತ್ತು. ಕೆಳಗೆ ಮಲಗಿದ್ದ ನನಗೆ, ಅಂದು ಮೊದಲ ಬಾರಿಗೆ, ಗಾಡಿಯಲ್ಲಿ ನಿದ್ದೆ ಬಂತು.

ಹೀಗೆ ಅತ್ತೆಯವರನ್ನು ಮನೆಯಲ್ಲಿ ಬಿಟ್ಟು ಹೊರಟ ನಾವಿಬ್ಬರು ಇಡೀ ಉತ್ತರ ದಿಕ್ಕಿನ ದಾರಿಯನ್ನು ತೊಟ್ಟಿಲನ್ನು ನೋಡುತ್ತ ಕ್ರಮಿಸಿದೆವು. ಲಾರಿಗಳು ಹಾರ್ನು ಬಾರಿಸಿ ಬೈದು ಮುಂದೆ ಹೋದವು. ಎತ್ತಿನ ಗಾಡಿಯೊಂದು ಸಹ ನಮ್ಮ ಸಮಕ್ಕೆ ಸ್ವಲ್ಪ ದೂರ ಬಂತು. ದಿನದಲ್ಲಿ ಕಡಿಮೆ ದೂರ, ಆಗಾಗ ಮರದ ನೆರಳು, ಒಲೆಯ ಮೇಲೆ ಅನ್ನ. ಗಡಿಯಲ್ಲಿ ವಾಹನಕ್ಕೆ ಅನುಮತಿ ಚೀಟಿ ಮಾಡಿಸುವಾಗ ಒಬ್ಬ ಅಧಿಕಾರಿ ಒಳಗೆ ಬಂದು, ನಗುತ್ತ ತೊಟ್ಟಿಲಿಗೆ ಬೆರಳಿಟ್ಟು ನೂಕಲು ಹೋದರು. "ಏಯ್, ತೂಗಬ್ಯಾಡ್ರೀ!" ಎಂದು ನನ್ನ ಯಜಮಾನರು ಅಪ್ಪಟ ಕನ್ನಡದಲ್ಲಿ ಕಿರುಚಿದರು. ಆ ಅಧಿಕಾರಿಗೆ ಏನು ಅರ್ಥವಾಯಿತೋ, ಕೈ ಹಿಂದೆಗೆದು, ತೊಟ್ಟಿಲಿಗೇ ಒಂದು ನಮಸ್ಕಾರ ಮಾಡಿ ಇಳಿದರು. ಆ ಮಹನೀಯರಿಗೂ ನನ್ನ ವಂದನೆಗಳು ಸಲ್ಲತಕ್ಕದ್ದು.

ಬೆಟ್ಟದ ಊರಿನಲ್ಲಿ ಆಕೆ ರಸ್ತೆಗೇ ಬಂದು ಕಾಯುತ್ತಿದ್ದಳು. ತೊಟ್ಟಿಲನ್ನು ನೋಡಲಿಲ್ಲ, ಏನೂ ನೋಡಲಿಲ್ಲ. "ಅಕ್ಕಾ, ಮೊದ್ಲು ಬೆನ್ನು ತೋರ್ಸಿ. ಇಲ್ಲಿ ನೋವು? ಸುಳ್ಳು ಹೇಳ್ಬ್ಯಾಡ" ಎಂದು ನನ್ನನ್ನು ಅದೇ ಮಂಚದ ಮೇಲೆ ಬೋರಲು ಮಲಗಿಸಿದಳು. ನೋವಿಲ್ಲ ಎಂದೆ. ಒತ್ತಿ ನೋಡಿ, ನಂಬಿ, ಆಮೇಲೆ ಅತ್ತಳು. ಅವರ ಮನೆಯ ತೊಲೆಗೆ ತೊಟ್ಟಿಲು ಕಟ್ಟಿ ಕೂಸನ್ನು ಮಲಗಿಸಿದಾಗ ಅದರ ಪಾದಕ್ಕೂ ತೊಟ್ಟಿಲಿನ ತುದಿಗೂ ನಡುವೆ ಇನ್ನೂ ಒಂದು ಗೇಣು ಜಾಗ ಉಳಿದಿತ್ತು. ಮೊದಲ ಸಲ ತೂಗಿದವರು ನನ್ನ ಯಜಮಾನರು. ದಾರಿಯುದ್ದಕ್ಕೂ ತಡೆದುಕೊಂಡಿದ್ದನ್ನೆಲ್ಲ ಅಲ್ಲಿ ತೂಗಿ ತೀರಿಸಿಕೊಂಡರು.

ಮರಳಿ ಬರುವಾಗ ಚಾವಣಿಯಲ್ಲಿ ಕೊಂಡಿಗಳು ಮಾತ್ರ ಇದ್ದವು. ಆದರೂ ಅವರು ಕನ್ನಡಿ ನೋಡಿ ನೋಡಿ ಮೆಲ್ಲಗೆ ಓಡಿಸುತ್ತಿದ್ದರು. "ತೊಟ್ಟಿಲು ಇಳಿಸಿ ಆತಲ್ಲ ರೀ," ಎಂದೆ. "ರೂಢಿ ಆಗೈತೆ," ಎಂದರು. ಕನ್ನಡಿಯಲ್ಲಿ ಈಗ ಕಾಣುತ್ತಿದ್ದವಳು ನಾನೊಬ್ಬಳೇ.

ಮನೆಗೆ ಬಂದ ಮೇಲೆ ಅತ್ತೆಯವರನ್ನು ಕೇಳಿದೆ, ತೊಟ್ಟಿಲಿಗೆ ಹಗ್ಗ ಕಟ್ಟಬಾರದೆಂಬ ಶಾಸ್ತ್ರ ನಿಜವಾಗಿಯೂ ಇದೆಯೇ ಎಂದು.

"ಖಾಲಿ ತೂಗಬಾರದು ಅನ್ನೋದು ನಮ್ಮವ್ವ ಹೇಳಿದ್ದು. ಹಗ್ಗದ್ದು ನನಗೇನು ಗೊತ್ತವ್ವ," ಎಂದು ಅವರೆಕಾಯಿ ಸುಲಿಯುವುದನ್ನು ಮುಂದುವರಿಸಿದರು. "ಅಂಬ್ಲಿಗೊಳದಾಗೆ ನೀನು ಗಾಡಿ ಬಾಗಿಲು ಹಿಡ್ಕಂಡಿದ್ದು ನೋಡಿದ್ದೆ. ಸೊಂಟ ನೋಯ್ತೈತೆ ಅಂತ ನೀನು ಬಾಯಿ ಬಿಡಲ್ಲ. ಬಿಟ್ರೂ ಅವನಿಗೆ ನೆನಪಿರಲ್ಲ. ಏನಾರ ಒಂದು ಹೇಳ್ಬೇಕಿತ್ತಲ್ಲ."

ಕೊಂಡಿಗಳನ್ನು ತೊಲೆಗೆ ವಾಪಸ್ಸು ಹೊಡೆಯೋಣವೇ ಎಂದು ಕೇಳಿದಾಗ, "ಗಾಡಿಯಾಗೇ ಇರ್ಲಿ. ಅವನು ಅವನ್ನ ನೋಡ್ಕಂಡು ಓಡಿಸ್ಲಿ" ಎಂದರು.

ಇದನ್ನು ಬರೆಯುತ್ತಿರುವುದು ಅದೇ ಮಂಚದ ಮೇಲೆ, ಅದೇ ಕೊಂಡಿಗಳ ಕೆಳಗೆ ಮಲಗಿ. ಸೊರಬಕ್ಕೆ ತಮ್ಮನ ಮನೆಗೆ ಹೊರಟಿದ್ದೇವೆ. ದಾರಿಯಲ್ಲಿ ಬರೆದರೂ ಅಕ್ಷರ ಇಷ್ಟು ನೆಟ್ಟಗಿದೆ ಎಂದರೆ ಅದರ ಶ್ರೇಯಸ್ಸು ಗಾಡಿ ಓಡಿಸುವವರಿಗೆ, ಅವರಿಗಿಂತ ಹೆಚ್ಚಾಗಿ ಅವರನ್ನು ಹೆತ್ತವರಿಗೆ ಸಲ್ಲಬೇಕು. ಉಳಿದ ಸೊಟ್ಟು, ಬಿಟ್ಟುಹೋದ ಒತ್ತಕ್ಷರ, ಅದಲುಬದಲಾದ ಶಕಾರ ಷಕಾರಗಳು ನನ್ನವೇ. ಅವು ತಮ್ಮ ಕಣ್ಣಿಗೆ ಬಿದ್ದಲ್ಲಿ ದಯಮಾಡಿ ಪೆನ್ಸಿಲಿನಿಂದ ಅಲ್ಲಿಯೇ ತಿದ್ದಿ ಮುಂದೆ ಓದಬೇಕಾಗಿಯೂ, ಯಾರಿಗಾದರೂ ಕೃತಜ್ಞತೆ ಹೇಳುವುದನ್ನು ಮರೆತಿದ್ದೇನೆಂದು ಕಂಡರೆ ಅದನ್ನೂ ತಪ್ಪೆಂದೇ ಎಣಿಸಿ ನನಗೆ ತಿಳಿಸಬೇಕಾಗಿಯೂ ಕೇಳಿಕೊಳ್ಳುತ್ತೇನೆ.